ಸೇತುವೆ ನೋಡಬೇಕಾದರೆ ಕೆಳಗಿಳಿಯಬೇಕು

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಎಷ್ಟು ಜನ ನೋಡಿದ್ದೀರಿ ಅಂತ ಕೇಳಿದರೆ ಸುಮಾರು ಅರ್ಧ ಸಭೆ ಕೈ ಎತ್ತುತ್ತದೆ. ಈ ಸಭೆಯಲ್ಲೂ ಹಾಗೇ ಆಯಿತು. ಸರಿ, ಅದರ ಕಂಬದ ಮೇಲೆ ತೊಲೆ ಹೇಗೆ ಕೂತಿದೆ ಅಂತ ಕೇಳಿದ ತಕ್ಷಣ ಕೈಗಳು ಇಳಿದವು. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲ ಕಡೆಯೂ ಇದೇ ಕತೆ. ನಾವು ಹೋಗುತ್ತೇವೆ, ಸೇತುವೆಯ ನಡುವೆ ನಿಲ್ಲುತ್ತೇವೆ, ನದಿ ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ವಾಪಸ್ ಬರುತ್ತೇವೆ. ಸೇತುವೆ ಮೇಲಿಂದ ನದಿ ನೋಡಿದ ಹಾಗಾಯಿತು. ಸೇತುವೆ ನೋಡುವುದು ಬಾಕಿಯೇ ಉಳಿಯಿತು.

ಮೇಲಿಂದ ನೋಡಿದರೆ ಎಲ್ಲ ಸೇತುವೆಯೂ ಒಂದು ರಸ್ತೆ, ಅಷ್ಟೇ. ಅದು ಯಾಕೆ ನಿಂತಿದೆ, ಎಲ್ಲಿ ಸೋಲುತ್ತಿದೆ, ಕಟ್ಟಿದವರ ತಲೆಯಲ್ಲಿ ಏನಿತ್ತು, ಇದೆಲ್ಲ ಕೆಳಗಿದೆ. ಕಂಬದ ಬುಡದಲ್ಲಿದೆ. ಇವತ್ತು ನಾನು ಹೇಳುವುದು ಆ ಬುಡದ ವಿಷಯವನ್ನೇ. ಉದಾಹರಣೆಗೆ ನಮ್ಮ ಕಡೆಯ ಮೂರು ಜಾಗ ಇಟ್ಟುಕೊಳ್ಳೋಣ: ಶ್ರೀರಂಗಪಟ್ಟಣ, ಶಿವನಸಮುದ್ರ, ಹಂಪಿ.

ಮೊದಲು ಶ್ರೀರಂಗಪಟ್ಟಣ. ಅದು ದ್ವೀಪ ಅನ್ನುವುದು ಈಗ ಬಸ್ಸಿನಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಕಾವೇರಿ ಅಲ್ಲಿ ಎರಡು ಕವಲಾಗಿ ಊರನ್ನು ಸುತ್ತಿಕೊಂಡು ಮತ್ತೆ ಒಂದಾಗುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಕೋಟೆಗೆ ಮೊದಲ ಕಾವಲು ಈ ನದಿಯೇ. ಮಳೆ ಹಿಡಿದರೆ ದಾಟುವುದು ಬಲು ಕಷ್ಟ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಬಂತು, ದಾಸ್ತಾನು ಮುಗಿಯಿತು, ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಕ್ಕೆ ಹೋದ. 1799ರಲ್ಲಿ ಜನರಲ್ ಹ್ಯಾರಿಸ್‌ನಿಗೂ ಅದೇ ಭಯ. ನದಿ ತುಂಬುವುದರೊಳಗೆ ನುಗ್ಗಬೇಕು, ಇಲ್ಲದಿದ್ದರೆ ಆ ವರ್ಷ ಕೈಬಿಟ್ಟಂತೆ. ಮೇ 4ರ ಮಧ್ಯಾಹ್ನ ಅವನ ಸೈನಿಕರು ಬಂಡೆಗಳ ನಡುವೆ, ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದವರೆಗಿನ ನೀರಿನಲ್ಲಿ ನಡೆದೇ ದಾಟಿದರು. ಮುಂದಿನದು ನಿಮಗೆ ಗೊತ್ತು.

ಯುದ್ಧದ ಕತೆ ಯಾಕೆ ಹೇಳಿದೆ ಅಂದರೆ, ಅದರೊಳಗೆ ಸೇತುವೆಯ ಎರಡು ಮುಖ್ಯ ವಿಷಯ ಅಡಗಿದೆ. ಒಂದು, ಆ ನದಿಯ ತಳ ಬಂಡೆ. ಎರಡು, ಬೇಸಿಗೆಯ ಕಾವೇರಿಗೂ ಮಳೆಗಾಲದ ಕಾವೇರಿಗೂ ಸಂಬಂಧವೇ ಇಲ್ಲ. ಮೇ ತಿಂಗಳಲ್ಲಿ ನಡೆದು ದಾಟಬಹುದು, ಜುಲೈನಲ್ಲಿ ಹರಿಗೋಲಿಗೂ ಧೈರ್ಯ ಸಾಲದು. ಈ ಎರಡನ್ನೂ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯುದ್ಧ ಮುಗಿದು ಐದು ವರ್ಷಕ್ಕೆ, 1804ರಲ್ಲಿ, ಅದೇ ನದಿಗೆ ಕಲ್ಲಿನ ಸೇತುವೆ ಆಯಿತು. ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಟಿಪ್ಪುವಿನ ಹಣಕಾಸು ನೋಡಿಕೊಳ್ಳುತ್ತಿದ್ದವರೇ ಹೊಸ ಸರ್ಕಾರಕ್ಕೂ ದಿವಾನರಾದರು. ಗದ್ದುಗೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್, ಆಗ ಅವರಿಗೆ ಹತ್ತು ವರ್ಷ. ಸೇತುವೆಗೆ ಇಟ್ಟ ಹೆಸರು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸುತ್ತಿದ್ದದ್ದು ರಿಚರ್ಡ್‌ನ ತಮ್ಮ ಆರ್ಥರ್, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಊರಲ್ಲಿ ಇದ್ದವನು ತಮ್ಮ, ಹೆಸರು ಸಿಕ್ಕಿದ್ದು ಅಣ್ಣನಿಗೆ.

ಹೆಸರು ಏನೇ ಇರಲಿ, ಕಟ್ಟಿದ ರೀತಿ ಪೂರ್ತಿ ನಮ್ಮದು. ಕಲ್ಲಿನ ಕಂಬ, ಕಂಬದ ತಲೆಯಲ್ಲಿ ಬೋದಿಗೆ ಅನ್ನುವ ಚಾಚುಗಲ್ಲು, ಬೋದಿಗೆ ಮೇಲೆ ಕಲ್ಲಿನ ತೊಲೆ. ಕಮಾನಿಲ್ಲ. ಯಾವುದಾದರೂ ಹಳೆಯ ದೇವಸ್ಥಾನದ ಮಂಟಪಕ್ಕೆ ಹೋಗಿ ತಲೆ ಎತ್ತಿ ನೋಡಿ, ಇದೇ ಲೆಕ್ಕ. ನದಿಯೊಳಗೆ ಒಂದು ಉದ್ದನೆಯ ಮಂಟಪ ಕಟ್ಟಿದ್ದಾರೆ, ಅದರ ಚಾವಣಿ ಮೇಲೆ ಗಾಡಿ ಓಡಿಸಿದ್ದಾರೆ.

ಯಾಕೆ ಹೀಗೆ? ಇದಕ್ಕೆ ಕಲ್ಲಿನ ಗುಣ ಸ್ವಲ್ಪ ತಿಳಿಯಬೇಕು. ಒಂದು ಸೀಮೆಸುಣ್ಣದ ಕಡ್ಡಿ ತೆಗೆದುಕೊಳ್ಳಿ. ಎರಡು ತುದಿಯಿಂದ ಉದ್ದುದ್ದಕ್ಕೆ ಒತ್ತಿ. ಎಷ್ಟು ಒತ್ತಿದರೂ ಜಗ್ಗುವುದಿಲ್ಲ. ಅದನ್ನೇ ಅಡ್ಡ ಹಿಡಿದು ಬಗ್ಗಿಸಿ, ಪಟ್ ಅಂತ ಮುರಿಯುತ್ತದೆ. ಕಲ್ಲೂ ಹಾಗೇ. ಒತ್ತಡ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ನಮ್ಮ ಗಟ್ಟಿ ಗ್ರಾನೈಟ್ ಕೂಡ ಎಳೆತದಲ್ಲಿ ಹತ್ತು ಪಾಲೋ ಅದಕ್ಕಿಂತ ಜಾಸ್ತಿಯೋ ದುರ್ಬಲ. ಕಂಬದಲ್ಲಿ ಬರೀ ಒತ್ತಡ, ಹಾಗಾಗಿ ಕಂಬದ ಬಗ್ಗೆ ಚಿಂತೆ ಇಲ್ಲ. ಕಷ್ಟ ಇರುವುದು ತೊಲೆಯಲ್ಲಿ. ಎರಡು ಕಂಬದ ಮಧ್ಯೆ ಮಲಗಿರುವ ತೊಲೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಬಗ್ಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಬಿರುಕು ಯಾವಾಗಲೂ ಕೆಳಗಿನ ಮುಖದಲ್ಲಿ, ನಡುಮಧ್ಯದಲ್ಲಿ ಶುರು. ನೋಡಿ, ಇದೇ ಕಾರಣಕ್ಕೆ ಕೆಳಗಿಳಿಯಬೇಕು ಅಂತ ಹೇಳುವುದು. ಮೇಲೆ ನಿಂತವನಿಗೆ ಈ ಬಿರುಕು ಕಾಣುವುದೇ ಇಲ್ಲ.

ಇನ್ನೊಂದು ಲೆಕ್ಕ ಇದೆ. ತೊಲೆಯ ದಪ್ಪ ಹಾಗೇ ಇಟ್ಟು ಉದ್ದ ಎರಡರಷ್ಟು ಮಾಡಿದರೆ, ತನ್ನ ತೂಕಕ್ಕೇ ಅದರ ಕೆಳಮುಖದ ಎಳೆತ ನಾಲ್ಕರಷ್ಟಾಗುತ್ತದೆ. ಎರಡರಷ್ಟಲ್ಲ, ನಾಲ್ಕರಷ್ಟು. ಅದಕ್ಕೇ ಈ ಸೇತುವೆಗಳಲ್ಲಿ ಕಂಬಗಳು ಅಷ್ಟು ಒತ್ತಾಗಿರುತ್ತವೆ. ಬೋದಿಗೆಯ ಕೆಲಸವೂ ಇಲ್ಲೇ. ಕಂಬದಿಂದ ಎರಡೂ ಕಡೆ ಸ್ವಲ್ಪ ಚಾಚಿಕೊಂಡಿರುವ ಈ ಕಲ್ಲು ಅಲಂಕಾರಕ್ಕೆ ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಕಂಬಗಳ ನಡುವೆ ಹತ್ತು ಅಡಿ ಇದೆ ಅನ್ನಿ. ಎರಡು ಕಡೆಯಿಂದಲೂ ಬೋದಿಗೆ ಒಂದೂಕಾಲು ಅಡಿ ಚಾಚಿದರೆ ತೊಲೆ ಆಸರೆ ಇಲ್ಲದೆ ದಾಟಬೇಕಾದ ದೂರ ಏಳೂವರೆ ಅಡಿಗೆ ಇಳಿಯಿತು. ದೂರ ಕಾಲುಭಾಗ ಕಡಿಮೆಯಾಯಿತು, ಎಳೆತ ಸುಮಾರು ಅರ್ಧಕ್ಕೆ ಬಂತು. ಕಾಗದದ ಮೇಲೆ ಈ ಸೂತ್ರ ಬರೆಯದವರೂ ಇದನ್ನು ಕೈಯಲ್ಲಿ ತಿಳಿದಿದ್ದರು.

ಆ ಕಲ್ಲುಗಳ ತೂಕವನ್ನೂ ಒಮ್ಮೆ ಊಹಿಸಿ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ದಪ್ಪದ ಚಪ್ಪಡಿ ಸುಮಾರು ಒಂದೂವರೆ ಟನ್ ಬರುತ್ತದೆ. ಅದನ್ನು ಬಂಡೆಯಿಂದ ಬಿಡಿಸಿದ್ದು ಹೇಗೆ ಅಂತ ಕಲ್ಲೇ ಹೇಳುತ್ತದೆ. ಚಪ್ಪಡಿಯ ಅಂಚನ್ನು ಹತ್ತಿರದಿಂದ ನೋಡಿದರೆ ಸಾಲಾಗಿ ಸಣ್ಣ ಸಣ್ಣ ಗುಳಿಗಳು ಸಿಗುತ್ತವೆ, ಬೆರಳಿಟ್ಟರೆ ಕೂರುವಂಥವು, ಅರ್ಧಕ್ಕೆ ಸೀಳಿದಂತೆ ಇರುತ್ತವೆ. ಅದು ಬೆಣೆಯ ಗುರುತು. ಕಲ್ಲುಕುಟಿಗರು ಬಂಡೆಯ ಮೇಲೆ ನೇರ ಗೆರೆ ಹಿಡಿದು ಉಳಿಯಿಂದ ಗುಳಿ ಹೊಡೆಯುತ್ತಾರೆ, ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಡುತ್ತಾರೆ, ಆಮೇಲೆ ಚಮ್ಮಟಿಗೆಯಿಂದ ಸಾಲಾಗಿ ಒಂದೊಂದೇ ಏಟು. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ಎಲ್ಲಕ್ಕೂ ಸಮ ಸಮ ಹೊಡೆಯುತ್ತಾ ಹೋದರೆ ಏಟಿನ ಸದ್ದು ಬದಲಾಗುತ್ತದೆ. ಠಣ್ ಅನ್ನುತ್ತಿದ್ದದ್ದು ಮಂಕಾಗುತ್ತದೆ. ಆಗ ನಿಲ್ಲಿಸುತ್ತಾರೆ, ಒಳಗೆ ಸೀಳು ಓಡುತ್ತಿದೆ ಅಂತ ಅರ್ಥ. ಗುಳಿಗಳ ಸಾಲು ನೋಡಬೇಕಾದರೆ ಬೆಳಗ್ಗೆ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಉಳಿ ಗೀರುಗಳು ಎದ್ದು ಕಾಣುತ್ತವೆ. ಮಟಮಟ ಮಧ್ಯಾಹ್ನ ಎಲ್ಲ ಬೂದು ಬಣ್ಣ.

ಅದೇ ಸದ್ದಿನ ಪರೀಕ್ಷೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಗಟ್ಟಿ ಕಲ್ಲಿಗೆ ಸಣ್ಣ ಸುತ್ತಿಗೆ ತಟ್ಟಿದರೆ ಗಂಟೆಯ ದನಿ. ಒಳಬಿರುಕಿದ್ದರೆ ಡಬ್ ಅನ್ನುತ್ತದೆ. ನೀವು ಮಾಡಲು ಹೋಗಬೇಡಿ ಮತ್ತೆ, ರಕ್ಷಿತ ಸ್ಮಾರಕಕ್ಕೆ ಸುತ್ತಿಗೆ ಹಿಡಿದು ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಮಾನು ಕಟ್ಟಲು ಬರುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಚೆನ್ನಾಗಿಯೇ ಬರುತ್ತಿತ್ತು. ಹೈದರಾಬಾದಿನ ಪುರಾನಾಪುಲ್ 1578ರದು, ಮೂಸಿ ನದಿಗೆ ಸಾಲು ಕಮಾನುಗಳು. ಕಮಾನಿನಲ್ಲಿ ಎಳೆತದ ತೊಂದರೆಯೇ ಇಲ್ಲ, ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತಾ ಹೋಗುತ್ತದೆ. ಅಷ್ಟು ಒಳ್ಳೆಯದಾದರೆ ಕಾವೇರಿಗೆ ಯಾಕೆ ಬೇಡವಾಯಿತು? ನನಗೆ ತೋಚುವ ಕಾರಣ ಸೆಂಟ್ರಿಂಗು. ಕಮಾನು ಅದರ ನೆತ್ತಿಯ ಕೊನೆಯ ಕಲ್ಲು ಕೂರುವವರೆಗೆ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಕೆಳಗಿನಿಂದ ಮರದ ಆಸರೆ ಕೊಟ್ಟು ಹೊತ್ತುಕೊಂಡಿರಬೇಕು. ಆ ಮರ ನಿಲ್ಲುವುದು ನದಿಯೊಳಗೆ. ಕಾವೇರಿ ಕೊಡುವುದು ಬೇಸಿಗೆಯ ಕೆಲವೇ ತಿಂಗಳು. ಅರ್ಧ ಆದ ಕಮಾನು ಮಳೆಗಾಲಕ್ಕೆ ಸಿಕ್ಕಿತೋ, ಮರವೂ ಹೋಯಿತು, ಕಲ್ಲೂ ಹೋಯಿತು. ಕಂಬ-ತೊಲೆಯ ಸೇತುವೆಗೆ ಈ ಕಾಟ ಇಲ್ಲ. ಈ ಬೇಸಿಗೆಗೆ ಇಷ್ಟು ಕಂಬ, ಮುಂದಿನ ಬೇಸಿಗೆಗೆ ಅಷ್ಟು. ಎಷ್ಟು ಮುಗಿದಿದೆಯೋ ಅಷ್ಟು ನಿಂತಿರುತ್ತದೆ.

ಇನ್ನೊಂದು ಲಾಭವೂ ಇದೆ. ತೆಳು ಕಂಬಗಳ ಮೇಲಿನ ಸಾಲು ಕಮಾನುಗಳಲ್ಲಿ ಒಂದು ಹೋದರೆ ಪಕ್ಕದ್ದನ್ನು ಹಿಡಿದುಕೊಳ್ಳುವವರಿಲ್ಲ, ಅದೂ ಉರುಳಬಹುದು. ತೊಲೆಯ ಸೇತುವೆಯಲ್ಲಿ ಒಂದು ಅಂಕಣ, ಅಂದರೆ ಎರಡು ಕಂಬದ ನಡುವಿನ ಭಾಗ, ಬಿದ್ದರೆ ಅದೊಂದೇ ಹೋಗುತ್ತದೆ, ಅಷ್ಟೇ. ಪಕ್ಕದ ಅಂಕಣಕ್ಕೆ ಗೊತ್ತೂ ಆಗುವುದಿಲ್ಲ.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ, ಬ್ರಿಟನ್ನಿನ ವೇಲ್ಸ್‌ಗೆ. ಪಾಂಟಿಪ್ರಿತ್ ಅನ್ನುವ ಊರು, ಟಾಫ್ ನದಿ. ವಿಲಿಯಂ ಎಡ್ವರ್ಡ್ಸ್ ಅನ್ನುವ ಮೇಸ್ತ್ರಿ, ಚರ್ಚಿನಲ್ಲಿ ಬೋಧನೆಯನ್ನೂ ಮಾಡುತ್ತಿದ್ದವನು, 1746ರಲ್ಲಿ ಅಲ್ಲಿ ಸೇತುವೆ ಕಟ್ಟಲು ಒಪ್ಪಿಕೊಂಡ. ಕಟ್ಟಿದ. ಸುಮಾರು ಎರಡು ವರ್ಷಕ್ಕೆ ಪ್ರವಾಹ ಬಂತು. ತೇಲಿ ಬಂದ ಮರಗಳು ಕಂಬಗಳಿಗೆ ಸಿಕ್ಕಿಕೊಂಡವು, ನೀರು ಹಿಂದೆ ಕಟ್ಟಿಕೊಂಡಿತು, ಸೇತುವೆ ಹೋಯಿತು. ಹಾಗಾದರೆ ನದಿಯೊಳಗೆ ಕಂಬವೇ ಬೇಡ ಅಂತ ಅವನು ಹಟ ಹಿಡಿದ. ದಡದಿಂದ ದಡಕ್ಕೆ ಒಂದೇ ಕಮಾನು, 140 ಅಡಿ. ಅದೂ ಬಿತ್ತು. ಎರಡು ಪಕ್ಕದ ಭುಜಗಳ ತೂಕ ಜಾಸ್ತಿಯಾಗಿ, ನಡುವಿನ ನೆತ್ತಿ ಮೇಲಕ್ಕೆ ಚಿಮ್ಮಿ ಬಿತ್ತು. ಕೊನೆಗೆ 1756ರಲ್ಲಿ ಭುಜಗಳಲ್ಲಿ ಒಂದೊಂದು ಕಡೆ ಮೂರು ಮೂರು ದೊಡ್ಡ ದುಂಡು ಕಿಂಡಿ ಬಿಟ್ಟು ತೂಕ ಇಳಿಸಿದ. ನಿಂತಿತು. ಇವತ್ತಿಗೂ ಇದೆ. ಅದರ ಕಿಂಡಿ ನೋಡಿ ಎಷ್ಟು ಚಂದ ಅನ್ನುತ್ತಾರೆ ಜನ. ಚಂದಕ್ಕೆ ಬಿಟ್ಟದ್ದಲ್ಲ ಅದು, ಬಿದ್ದು ಬಿದ್ದು ಕಲಿತದ್ದು.

ಎಡ್ವರ್ಡ್ಸ್‌ಗೆ ಬಂದ ಕಷ್ಟ ಪೂರ್ಣಯ್ಯನವರ ಸೇತುವೆಗೂ ಇದ್ದದ್ದೇ. ಕಂಬ ಜಾಸ್ತಿ ಇದ್ದಷ್ಟೂ ನೀರಿಗೆ ಅಡ್ಡಿ ಜಾಸ್ತಿ, ಮರ ಸಿಕ್ಕಿಕೊಳ್ಳುವ ಜಾಗ ಜಾಸ್ತಿ. ಅವನು ಕಂಬವನ್ನೇ ತೆಗೆದುಹಾಕಿದ. ನಮ್ಮವರು ಕಂಬದ ಬುಡ ಗಟ್ಟಿ ಮಾಡಿಕೊಂಡರು. ಅದಕ್ಕೆ ದಾರಿ ಕೊಟ್ಟದ್ದು ನದಿಯ ತಳದ ಬಂಡೆ.

ಈಗ ಬುಡಕ್ಕೆ ಬರೋಣ. ಸೇತುವೆಗಳು ಸಾಮಾನ್ಯವಾಗಿ ಭಾರಕ್ಕೆ ಬೀಳುವುದಿಲ್ಲ, ಕಾಲ ಕೆಳಗಿನ ನೆಲ ಹೋಗಿ ಬೀಳುತ್ತವೆ. ಪ್ರವಾಹದ ನೀರು ಕಂಬಕ್ಕೆ ಬಡಿದಾಗ ಎಲ್ಲವೂ ಪಕ್ಕಕ್ಕೆ ಸರಿದು ಹೋಗುವುದಿಲ್ಲ. ಒಂದಷ್ಟು ಕಂಬದ ಮುಖಕ್ಕೇ ಅಂಟಿಕೊಂಡು ಕೆಳಕ್ಕೆ ಧುಮುಕುತ್ತದೆ. ತಳ ಮುಟ್ಟಿ ಸುಳಿಯಾಗಿ ತಿರುಗುತ್ತಾ ಕಂಬದ ಎರಡೂ ಪಕ್ಕ ಹಾದು ಹೋಗುತ್ತದೆ. ಈ ಸುಳಿ ಮರಳು ತೋಡುತ್ತದೆ. ಪ್ರವಾಹ ಏರಿದ ಹೊತ್ತಿಗೆ ಬುಡದಲ್ಲಿ ದೊಡ್ಡ ಗುಂಡಿ. ಮೋಸ ಏನು ಗೊತ್ತಾ? ನೀರು ಇಳಿಯುವಾಗ ಹೊಸ ಮರಳು ಬಂದು ಅದೇ ಗುಂಡಿ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಮರಳು ಸಡಿಲ, ಮುಂದಿನ ಪ್ರವಾಹಕ್ಕೆ ಮತ್ತೆ ಎದ್ದು ಹೋಗುತ್ತದೆ.

ನೀರಿನ ಶಕ್ತಿಯ ಬಗ್ಗೆ ಒಂದು ಹಳೆಯ ಲೆಕ್ಕ ಇದೆ. ವೇಗ ಎರಡರಷ್ಟಾದರೆ ನೀರು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕ 64ರಷ್ಟಾಗುತ್ತದೆ. ನಿನ್ನೆ ಒಂದು ಕಿಲೋ ಕಲ್ಲು ಉರುಳಿಸುತ್ತಿದ್ದ ನೀರು ಇವತ್ತು ದುಪ್ಪಟ್ಟು ವೇಗದಲ್ಲಿ ಬಂದರೆ 64 ಕಿಲೋದ ಗುಂಡನ್ನು ತಳ್ಳುತ್ತದೆ. ಆ ಗುಂಡು ಬಂದು ಬಡಿಯುವುದು ಕಂಬದ ಕಾಲಿಗೆ.

ಬಂಡೆಯ ಮೇಲೆ ನಿಂತ ಕಂಬಕ್ಕೆ ಗುಂಡಿಯ ಭಯ ಇಲ್ಲ. ಸುಳಿ ಎಷ್ಟು ತಿರುಗಿದರೂ ಗ್ರಾನೈಟ್ ತೋಡಲು ಅದಕ್ಕೆ ಒಂದೆರಡು ಶತಮಾನ ಸಾಲದು. ಅದರ ಒಳ್ಳೆಯ ಸಾಕ್ಷಿ ಹಂಪಿಯಲ್ಲಿದೆ. ವಿಠ್ಠಲ ದೇವಸ್ಥಾನದ ಹತ್ತಿರ, ಪುರಂದರ ಮಂಟಪದ ಬಳಿ, ತುಂಗಭದ್ರೆಯೊಳಗೆ ಸಾಲು ಸಾಲು ಕಲ್ಲುಕಂಬ. ಆನೆಗೊಂದಿ ಕಡೆಗೆ ದಾಟಲು ಇದ್ದ ವಿಜಯನಗರ ಕಾಲದ ಸೇತುವೆ ಅದು. ಮೇಲಿನ ಹಾಸು ಪೂರ್ತಿ ಹೋಗಿದೆ. ಕಂಬಗಳು ನೂರಾರು ಮಳೆಗಾಲ ಕಂಡು ಇನ್ನೂ ನಿಂತಿವೆ.

ಹಾಗಾದರೆ ಹಾಸು ಯಾಕೆ ಹೋಗುತ್ತದೆ? ಒಂದೂವರೆ ಟನ್ ಕಲ್ಲನ್ನು ನೀರು ಎತ್ತುತ್ತದೆಯೇ? ಎತ್ತಬೇಕಾಗಿಯೇ ಇಲ್ಲ. ಪ್ರವಾಹ ಹಾಸಿನ ಮೇಲೆ ಹರಿದ ಕೂಡಲೇ ಕಲ್ಲು ಮುಳುಗಿತು. ಮುಳುಗಿದ ಗ್ರಾನೈಟ್ ತನ್ನ ತೂಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಒಂದೂವರೆ ಟನ್ನಿನ ಚಪ್ಪಡಿ ನೀರೊಳಗೆ ಒಂದು ಟನ್ನೂ ತೂಗುವುದಿಲ್ಲ. ಅದು ಕೂತಿರುವುದೂ ಬರೀ ತನ್ನ ಭಾರದಿಂದ. ಮೇಲಿನಿಂದ ಬಂದ ದೊಡ್ಡ ಮರವೊಂದು ಕಟಾಂಜನಕ್ಕೆ ಅಡ್ಡ ಸಿಕ್ಕಿಕೊಂಡು, ಅದಕ್ಕೆ ಇನ್ನಷ್ಟು ಕಸ ಸೇರಿಕೊಂಡು ಗೋಡೆಯಾದರೆ, ನೀರು ಆ ಗೋಡೆಯನ್ನು ನೂಕುತ್ತದೆ, ಗೋಡೆ ಚಪ್ಪಡಿಯನ್ನು ನೂಕುತ್ತದೆ. ಜಾರಿ ಬೀಳಲು ಅಷ್ಟು ಸಾಕು.

ಶಿವನಸಮುದ್ರದಲ್ಲಿ ಇಂಥ ಅನಾಹುತ ನಮ್ಮ ಕಣ್ಣೆದುರೇ ಆಯಿತು. ಅಲ್ಲೂ ಕಾವೇರಿ ಎರಡಾಗುತ್ತದೆ, ಗಗನಚುಕ್ಕಿ ಒಂದು ಕಡೆ, ಭರಚುಕ್ಕಿ ಒಂದು ಕಡೆ. ನಡುವಿನ ದ್ವೀಪಕ್ಕೆ 1830ರ ಸುಮಾರಿಗೆ ಕಲ್ಲುಕಂಬದ ಸೇತುವೆಗಳಾದವು. ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್. ಸರ್ಕಾರ ಅವರಿಗೆ ಜಹಗೀರು, ಬಿರುದು ಕೊಟ್ಟು ಗೌರವಿಸಿತು. ಒಂದು ಸೇತುವೆಗೆ ಆಗ ಮದ್ರಾಸಿನ ಗವರ್ನರ್ ಆಗಿದ್ದ ಲಷಿಂಗ್ಟನ್ ಹೆಸರು. ಇನ್ನೊಂದನ್ನು ಜನ ವೆಸ್ಲಿ ಸೇತುವೆ ಅನ್ನುತ್ತಾರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ಕತೆ ಎಲ್ಲರಿಗೂ ಗೊತ್ತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಲ್ಲಿ ಈ ಕಂಬಗಳು ನಿಂತಿದ್ದವು ಅನ್ನುವುದು ಯಾರಿಗೂ ನೆನಪಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕಬಿನಿ, ಕನ್ನಂಬಾಡಿ ಎರಡರಿಂದಲೂ ನೀರು ಬಂದಾಗ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಒಂದು ಭಾಗ ಮಾತ್ರ. ಉಳಿದದ್ದು ನಿಂತೇ ಇತ್ತು. ಅಂಕಣ ಅಂಕಣವಾಗಿ ಹೋಗುತ್ತದೆ ಅಂದೆನಲ್ಲ, ಇದೇ ಅದು.

ಈಗ ನೀವು ಹೋಗುವ ವಿಷಯ. ಜನವರಿಯಿಂದ ಮೇ ತಿಂಗಳೊಳಗೆ ಹೋಗಿ. ತುಂಬಿದ ನದಿ ನೋಡಲು ಚಂದ, ಸೇತುವೆ ನೋಡಲು ಪ್ರಯೋಜನವಿಲ್ಲ. ದಡದಿಂದ ಇಳಿಯುವಾಗ ಎರಡು ಎಚ್ಚರಿಕೆ. ಈ ಎಲ್ಲ ಜಾಗಗಳಿಗೂ ನದಿಯ ಮೇಲ್ಗಡೆ ಅಣೆಕಟ್ಟುಗಳಿವೆ. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಮೋಡವಿಲ್ಲದ ದಿನವೂ ನೀರು ಏರುತ್ತದೆ. ಸ್ಥಳೀಯರನ್ನು ಕೇಳದೆ ಇಳಿಯಬೇಡಿ, ನೀರಿಗೆ ಕಾಲಿಡಲೇಬೇಡಿ. ಎರಡನೆಯದು ಮೊಸಳೆ. ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು, ಅಲ್ಲಿನ ಮೊಸಳೆಗಳಿಗೆ ಪಕ್ಷಿಧಾಮದ ಬೇಲಿ ಗೊತ್ತಿಲ್ಲ. ಹಾಗಾಗಿ ಕೆಳಗಿಳಿಯುವುದು ಅಂದರೆ ದಡದ ಒಣಬಂಡೆಯವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಬೈನಾಕ್ಯುಲರ್ ಸಾಕು. ದಡದ ಮೊದಲ ಒಂದೆರಡು ಅಂಕಣ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ.

ಏನು ನೋಡಬೇಕು? ಮೊದಲು ಕಂಬದ ಕಾಲು. ಅದು ಬಂಡೆಯಲ್ಲಿ ಕೊರೆದ ಗುಳಿಯಲ್ಲಿ ನಿಂತಿದೆಯಾ, ಸುಮ್ನೆ ಬಂಡೆ ಮೇಲೆ ಕೂತಿದೆಯಾ, ಇಲ್ಲ ಮರಳಿನೊಳಗೆ ಮರೆಯಾಗಿದೆಯಾ. ಆಮೇಲೆ ಕಂಬದ ಮೈ ಮೇಲಿನ ನೀರಿನ ಗೆರೆ. ಬಣ್ಣ ಬದಲಾದ ಪಟ್ಟಿ ಕಾಣುತ್ತದೆ, ಸಾಮಾನ್ಯ ಮಳೆಗಾಲದ ಮಟ್ಟ ಅದು. ಬೋದಿಗೆಯ ಸಂದಿಯಲ್ಲಿ ಒಣಹುಲ್ಲು, ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಕಳೆದ ದೊಡ್ಡ ಪ್ರವಾಹ ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಕಸ ನೋಡಿ ಮೂಗು ಮುರಿಯಬೇಡಿ, ಅದೂ ದಾಖಲೆಯೇ. ಆಮೇಲೆ ತೊಲೆಗಳ ಕೆಳಮುಖ. ನಡುವೆ ಅಡ್ಡ ಬಿರುಕಿದೆಯೇ ನೋಡಿ.

ಸಂದಿಗಳಲ್ಲಿ ಗಿಡ ಇದ್ದೇ ಇರುತ್ತದೆ. ಅರಳಿ, ಆಲ, ಅತ್ತಿ. ಹಕ್ಕಿ ಹಾಕಿದ ಬೀಜ. ಮೊದಲ ವರ್ಷ ಎರಡು ಎಲೆ, ಹತ್ತು ವರ್ಷಕ್ಕೆ ಆ ಬೇರು ಬೆಣೆಯ ಕೆಲಸ ಮಾಡುತ್ತದೆ. ಉತ್ಸಾಹಿ ಯುವಕರ ತಂಡ ಬಂದು ಕತ್ತಿಯಲ್ಲಿ ಸವರಿ ಫೋಟೊ ಹಾಕುವುದನ್ನು ನೋಡಿದ್ದೇನೆ. ಒಳ್ಳೆಯ ಮನಸ್ಸೇ, ಆದರೆ ಮೇಲೆ ಸವರಿದರೆ ಬೇರು ಇನ್ನೂ ದಪ್ಪವಾಗಿ ಚಿಗುರುತ್ತದೆ. ಎಳೆಯದಿದ್ದಾಗ ಬೇರುಸಮೇತ ತೆಗೆಯಬೇಕು. ಬಲಿತಿದ್ದರೆ ಎಳೆದರೆ ಕಲ್ಲೇ ಬರುತ್ತದೆ, ಬೇರನ್ನು ಅಲ್ಲೇ ಸಾಯಿಸಬೇಕು, ಅದು ತಿಳಿದವರ ಕೆಲಸ.

ಇನ್ನು ಸಿಮೆಂಟು. ಹಳೆಯ ಕಟ್ಟಡ ಕಂಡರೆ ಸಂದಿಗೆಲ್ಲ ಸಿಮೆಂಟ್ ಮೆತ್ತುವುದು ನಮ್ಮ ಕಂತ್ರಾಟುದಾರರ ಮೊದಲ ಪ್ರೀತಿ. ಸುಣ್ಣದ ಗಾರೆ ಸ್ವಲ್ಪ ಜಗ್ಗುತ್ತದೆ, ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಗಿ, ಜಗ್ಗುವುದಿಲ್ಲ, ಒಳಗೆ ಹೋದ ನೀರಿಗೆ ದಾರಿ ಮುಚ್ಚುತ್ತದೆ. ಗಾರೆ ಅಂದರೆ ಲೊಡ್ಡು ಅನ್ನುವವರಿಗೆ ನಾನು ಕನ್ನಂಬಾಡಿ ಕಟ್ಟೆ ತೋರಿಸುತ್ತೇನೆ. ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿ. ಮೇಲೆ ಡಾಂಬರು, ಕಾಂಕ್ರೀಟು ಹಾಸುವುದು ಇನ್ನೂ ಕೆಟ್ಟದ್ದು. ತೊಲೆಗೆ ಸುಮ್ಮನೆ ಭಾರ, ಜೊತೆಗೆ ಚಪ್ಪಡಿ ಬಿರುಕು ಬಿಟ್ಟರೂ ಮೇಲಿನಿಂದ ಕಾಣದ ಹಾಗೆ ಮುಚ್ಚಿಹಾಕುತ್ತದೆ.

ಆನೆಗಳೇ ಓಡಾಡಿದ ಸೇತುವೆ, ಲಾರಿ ಹೋದರೆ ಏನಂತೆ ಅಂತ ವಾದ ಮಾಡುವವರಿದ್ದಾರೆ. ಗಂಡಾನೆ ನಾಲ್ಕೈದು ಟನ್, ಅದೂ ನಾಲ್ಕು ಕಾಲಿಗೆ ಹಂಚಿಕೊಂಡು, ನಿಧಾನಕ್ಕೆ. ತುಂಬಿದ ಲಾರಿಯ ಒಂದೇ ಆಕ್ಸಲ್ ಹತ್ತು ಟನ್ ಆಗುತ್ತದೆ, ಮೇಲಾಗಿ ಗುಂಡಿಗೆ ಬಿದ್ದು ಎದ್ದಾಗ ಕೊಡುವ ಏಟು. ಪಕ್ಕದಲ್ಲಿ ಹೊಸ ಸೇತುವೆ ಆದ ಮೇಲೆ ಹಳೆಯದರ ಮೇಲೆ ಕಾಲ್ನಡಿಗೆ ಬಿಟ್ಟು ಬೇರೇನೂ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹತ್ತಿರದಲ್ಲಿ ಮರಳು ತೆಗೆಯುವುದಂತೂ ನೇರ ಕೊಲೆ. ಬಂಡೆಗೆ ತಾಗದ ಒಂದು ಕಂಬ ಇದ್ದರೂ ಅದರ ಕಾಲ ಕೆಳಗಿನ ನೆಲವನ್ನು ಪ್ರವಾಹ ಬರುವ ಮೊದಲೇ ನಾವೇ ತೆಗೆದುಕೊಟ್ಟ ಹಾಗೆ.

ಬಿದ್ದ ಭಾಗಕ್ಕೆ ಏನು ಮಾಡುವುದು ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇದಕ್ಕೆ ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ಮಾದರಿ ಇದೆ. ಎಕ್ಸ್‌ಮೂರ್ ಪ್ರದೇಶದ ಟಾರ್ ಸ್ಟೆಪ್ಸ್, ಬಾರ್ಲ್ ಅನ್ನುವ ಹೊಳೆಗೆ 17 ಅಂಕಣದ ಕಲ್ಲುಚಪ್ಪಡಿ ಸೇತುವೆ. ನಮ್ಮದೇ ಜಾತಿ, ಇನ್ನೂ ತಗ್ಗು. ದೊಡ್ಡ ಪ್ರವಾಹ ಬಂದಾಗಲೆಲ್ಲ ಚಪ್ಪಡಿಗಳು ಕೊಚ್ಚಿಹೋಗುತ್ತವೆ. ಅವರು ಮಾಡಿರುವುದು ಇಷ್ಟೇ. ಚಪ್ಪಡಿಗಳಿಗೆ ನಂಬರ್ ಹಾಕಿದ್ದಾರೆ. ನೀರು ಇಳಿದ ಮೇಲೆ ಹುಡುಕಿ, ಎತ್ತಿ ತಂದು, ಅದರ ಜಾಗದಲ್ಲೇ ಇಡುತ್ತಾರೆ. ಮೇಲ್ಗಡೆ ನದಿಗೆ ಅಡ್ಡ ಉಕ್ಕಿನ ಹಗ್ಗ ಕಟ್ಟಿದ್ದಾರೆ, ತೇಲಿ ಬರುವ ಮರ ಅಲ್ಲೇ ಸಿಕ್ಕಿಕೊಳ್ಳಲಿ ಅಂತ. ಒಂದೂವರೆ ಟನ್ ಕಲ್ಲು ಬಿದ್ದ ಮೇಲೆ ಬಹಳ ದೂರ ಹೋಗುವುದಿಲ್ಲ, ಅಲ್ಲೇ ಕೆಳಗಡೆ ಬಂಡೆಗಳ ನಡುವೆ ಇರುತ್ತದೆ. ನಮ್ಮ ಕಡೆ ಆಗಬೇಕಾದ ಮೊದಲ ಕೆಲಸ ಬಿದ್ದ ಕಲ್ಲು ಎಣಿಸಿ, ಅಳತೆ ತೆಗೆದು, ಗುರುತು ಹಾಕುವುದು. ಹೊಸ ಎಸ್ಟಿಮೇಟ್ ಬರೆಯುವ ಮೊದಲು.

ಮುರಿದ ತೊಲೆಯನ್ನು ಕೂಡಿಸಬಹುದಾ ಅಂತ ಇನ್ನೊಂದು ಪ್ರಶ್ನೆ ಬಂತು. ಕೂಡಿಸಬಹುದು. ಎರಡು ತುಂಡಿಗೂ ರಂಧ್ರ ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಸರಳು ಕೂರಿಸುತ್ತಾರೆ, ದೇವಸ್ಥಾನಗಳ ದುರಸ್ತಿಯಲ್ಲಿ ಇದು ನಡೆಯುತ್ತಲೇ ಇದೆ. ಸಾದಾ ಕಬ್ಬಿಣ ಮಾತ್ರ ಹಾಕಬಾರದು. ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿ ಒಳಗಿನಿಂದ ಕಲ್ಲನ್ನು ಸೀಳುತ್ತದೆ. ಎಷ್ಟೋ ಹಳೆಯ ದುರಸ್ತಿಗಳು ಕೆಟ್ಟಿರುವುದು ಹೀಗೆ. ಕೂಡಿಸಿದ ತೊಲೆಯ ಮೇಲೆ ಜನ ನಡೆಯಬಹುದು, ಗಾಡಿ ಬಿಡಬಾರದು.

ಮೂರರಲ್ಲಿ ಮೊದಲು ಯಾವುದಕ್ಕೆ ಹೋಗಬೇಕು ಅಂತ ಕೇಳಿದವರಿಗೆ ನನ್ನ ಉತ್ತರ ಹಂಪಿ. ಅಲ್ಲಿ ಮೇಲೆ ಹತ್ತಿ ನಿಲ್ಲಲು ಏನೂ ಉಳಿದಿಲ್ಲ, ಹಾಗಾಗಿ ಕಂಬ ನೋಡದೆ ಬೇರೆ ದಾರಿ ಇಲ್ಲ. ಸಾಲು ಎತ್ತ ಓಡುತ್ತದೆ, ಕಂಬಗಳ ನಡುವಿನ ಅಂತರ ಎಷ್ಟು, ಯಾವುದು ವಾಲಿದೆ, ಎಲ್ಲವೂ ಬಿಚ್ಚಿಟ್ಟ ಹಾಗಿದೆ. ಅದನ್ನು ನೋಡಿಕೊಂಡು ಆಮೇಲೆ ಶ್ರೀರಂಗಪಟ್ಟಣಕ್ಕೆ ಹೋದರೆ ಬೋದಿಗೆ, ತೊಲೆ ಎಲ್ಲ ತಾನಾಗಿಯೇ ಕಣ್ಣಿಗೆ ಬೀಳುತ್ತವೆ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಆ ಬಂಡೆಗಳ ಮೇಲೆ ಕಾಲಿಡಲು ಆಗುವುದಿಲ್ಲ.